ಹಾಸನಾಂಬೆಯ ಸನ್ನಿಧಿಯ ಸೊಸೆ ಕಲ್ಲು

ಹಾಸನಕ್ಕೆ ಆ ಹೆಸರು ಬಂದಿದ್ದೇ ಹಾಸನಾಂಬೆಯಿಂದ ಅಂತಾರೆ. ಆದರೆ ಊರಿನವರಿಗೂ ಈ ತಾಯಿಯ ದರ್ಶನ ವರ್ಷಕ್ಕೊಂದೇ ಸಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಗರ್ಭಗುಡಿಯ ಬಾಗಿಲು ತೆರೆಯುತ್ತಾರೆ. ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತಾರೆ. ಆಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತದೆ, ಮುಡಿಸಿದ ಹೂ ಬಾಡುವುದಿಲ್ಲ ಅನ್ನೋದು ಭಕ್ತರ ನಂಬಿಕೆ.

2024ರಲ್ಲಿ ಅಕ್ಟೋಬರ್ 24ರಿಂದ ನವೆಂಬರ್ 3ರವರೆಗೆ ಗುಡಿ ತೆರೆದಿತ್ತು. ನಾವು ಬೆಂಗಳೂರಿನಿಂದ ಬೆಳಗಿನ ಜಾವವೇ ಹೊರಟು, ಚನ್ನರಾಯಪಟ್ಟಣದಲ್ಲಿ ತಿಂಡಿ ಮುಗಿಸಿ ಹಾಸನ ಸೇರಿದೆವು. ಅರಕಲಗೂಡಿನಿಂದ ಅತ್ತೆ ಬಸ್ಸಲ್ಲಿ ಬಂದಿದ್ದರು. ಧರ್ಮದರ್ಶನದ ಸಾಲು ಆಗಲೇ ಬೀದಿ ದಾಟಿತ್ತು.

ಸಾಲಿನಲ್ಲಿ ಅತ್ತೆ ಸ್ಥಳಪುರಾಣ ಹೇಳಿದರು. ಕಾಶಿಯಿಂದ ದಕ್ಷಿಣಕ್ಕೆ ಬಂದ ಸಪ್ತಮಾತೃಕೆಯರಿಗೆ ಈ ಜಾಗ ಹಿಡಿಸಿತಂತೆ. ವೈಷ್ಣವಿ, ಕೌಮಾರಿ, ಮಾಹೇಶ್ವರಿ ಇಲ್ಲೇ ಹುತ್ತವಾಗಿ ನೆಲೆಸಿದರು. ಚಾಮುಂಡಿ, ವಾರಾಹಿ, ಇಂದ್ರಾಣಿ ದೇವಿಗೆರೆಯಲ್ಲಿ, ಬ್ರಾಹ್ಮಿ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯಲ್ಲಿ ನಿಂತರು. ಹಾಗಾಗಿ ಒಳಗೆ ಕೆತ್ತಿದ ವಿಗ್ರಹ ಹುಡುಕಬೇಡಿ, ಪೂಜೆ ಹುತ್ತಕ್ಕೇ. ಜಪಾನಿನ ಓಮಿವಾ ಎಂಬ ಹಳೆಯ ಶಿಂಟೋ ಗುಡಿಯಲ್ಲೂ ಹೀಗೇ, ಅಲ್ಲಿ ಮೀವಾ ಬೆಟ್ಟವೇ ದೇವರು.

ಸನ್ನಿಧಿಯಲ್ಲಿ ಇನ್ನೊಂದು ಕಲ್ಲಿದೆ, ಸೊಸೆ ಕಲ್ಲು. ದಿನಾ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಗೆ, ಮನೆಗೆಲಸ ಬಿಟ್ಟು ಬಂದಳೆಂದು ಅತ್ತೆ ಬಟ್ಟಲಿನಿಂದ ತಲೆಗೆ ಹೊಡೆದಳಂತೆ. ನೋವಿಗೆ ಅವಳು "ಅಮ್ಮಾ ಹಾಸನಾಂಬೆ" ಎಂದು ಕೂಗಿದಳು. ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿಯೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯತ್ತ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ.

"ಕಾಪಾಡೋದು ಅಂದ್ರೆ ಕಲ್ಲು ಮಾಡೋದಾ ಅತ್ತೆ?" ಅಂತ ಕೇಳಿಬಿಟ್ಟೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮದ್ವೆ ಆದ ಹೊಸದ್ರಲ್ಲಿ ನಾನೂ ಆ ಕಲ್ಲನ್ನೇ ನೋಡ್ತಿದ್ದೆ ಕಣಮ್ಮ. ತೌರಿಗೆ ವಾಪಸ್ ಹೋಗೋ ಹಂಗಿರ್ಲಿಲ್ಲ. ಯುಗ ಮುಗಿದ್ರೂ ಪರ್ವಾಗಿಲ್ಲ, ಇವಳು ಬೇಗ ಅಮ್ಮನ ಹತ್ರ ಸೇರ್ಲಿ ಅಂತ ಬೇಡ್ಕೊತಿದ್ದೆ."

ಎಂಟು ವರ್ಷದಲ್ಲಿ ಒಮ್ಮೆಯೂ ಅವರು ನನ್ನ ಮೇಲೆ ದನಿ ಎತ್ತಿಲ್ಲ. ಅದು ಅವರ ಸ್ವಭಾವ ಅಂದುಕೊಂಡಿದ್ದೆ. ಅವರೇ ಹಾಗಿರಬೇಕು ಅಂತ ತೀರ್ಮಾನಿಸಿದ್ದು ಅಂತ ಅವತ್ತು ತಿಳೀತು.

ನೀವು ಹೋಗೋದಾದರೆ ನೀರಿನ ಬಾಟಲಿ, ತಾಳ್ಮೆ ಎರಡೂ ಇರಲಿ. ಹಿರಿಯರ ಜೊತೆಗೇ ಹೋಗಿ. ಸಾಲು ಉದ್ದ, ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.