ಬಂದೂಕಿನ ಪಟ್ಟಿ

ಶಾಲೆಯ ಹಳೆಯ ವಸ್ತುಗಳ ಪ್ರದರ್ಶನಕ್ಕೆ ಏಳನೇ ಕ್ಲಾಸಿನ ಹುಡುಗನೊಬ್ಬ ಒಂದು ಪಟ್ಟಿ ತಂದಿದ್ದ. "ಮುತ್ತಜ್ಜ 1916ರಲ್ಲಿ ಬಸ್ರಾ ಯುದ್ಧಕ್ಕೆ ಹೋಗಿದ್ದಾಗಿನ ಬಂದೂಕಿನದ್ದು ಮಾಷ್ಟ್ರೇ" ಎಂದ. ಚೀಟಿಯನ್ನೂ ಮನೆಯಿಂದಲೇ ಬರೆದು ತಂದಿದ್ದ. ನಾವು ಅಂಟಿಸುವುದರಲ್ಲಿದ್ದೆವು.

ಎನ್.ಸಿ.ಸಿ.ಯಲ್ಲಿ .303 ಹೊತ್ತಿದ್ದ ನಮ್ಮ ಪಿ.ಟಿ. ಮಾಷ್ಟ್ರು ಅದನ್ನು ತಿರುಗಿಸಿ ನೋಡಿ, "ಪಟ್ಟಿ ಬಂದೂಕಿನದ್ದೇ, ಬಕಲು ಮಾತ್ರ ಅದರದ್ದಲ್ಲ" ಎಂದರು. ಲೀ-ಎನ್‌ಫೀಲ್ಡ್ ಬಂದೂಕಿನ ಪಟ್ಟಿಯೆಂದರೆ ಒಂದೂಕಾಲು ಇಂಚು ಅಗಲದ ದಪ್ಪ ಹತ್ತಿ ನೇಯ್ಗೆ, ಎರಡೂ ತುದಿಗೆ ಹಿತ್ತಾಳೆಯ ಕಟ್ಟು. ಬಕಲೂ ಇಲ್ಲ, ತೂತುಗಳೂ ಇಲ್ಲ. ಬಂದೂಕಿನ ಬಳೆಯಲ್ಲಿ ತೂರಿಸಿ ಮಡಚಿ ಬಿಗಿಯುವುದಷ್ಟೆ. ಇಲ್ಲಿ ಒಂದು ತುದಿ ಕತ್ತರಿಸಿ ಕಬ್ಬಿಣದ ಬಕಲು ಹೊಲಿದಿದ್ದರು. ಮೇಣದ ದಾರ, ಅಂಕುಡೊಂಕು ಹೊಲಿಗೆ. ಕಾರ್ಖಾನೆಯದ್ದಲ್ಲ, ಚಪ್ಪಲಿ ಹೊಲಿಯುವವರ ಕೈಯದ್ದು. ಕಾದ ಮೊಳೆಯಿಂದ ಚುಚ್ಚಿದ ಐದು ತೂತುಗಳ ಅಂಚು ಕರಟಿತ್ತು.

ಉಳಿದ ಹಿತ್ತಾಳೆಗೆ ಹುಣಸೆಹುಳಿ ಉಜ್ಜಿದೆವು. (ಹಳೆ ವಸ್ತು ಸಂಗ್ರಹಿಸುವವರು ಕೇಳಿದರೆ ಬೈದಾರು!) ಬಾಣದ ಗುರುತು, ಮಿಲ್ಸ್ ಕಂಪೆನಿಯ ಎಂ.ಇ.ಕೊ. ಅಕ್ಷರ, ಅದರ ಪಕ್ಕ 1941. ಎರಡೂ ಮಹಾಯುದ್ಧಗಳಲ್ಲಿ ಇದೇ ಮಾದರಿ ಇದ್ದುದರಿಂದ ಆಕಾರ ನೋಡಿ ಕಾಲ ಹೇಳಲಾಗದು, ಮುದ್ರೆಯನ್ನೇ ನಂಬಬೇಕು. 1941ರ ಪಟ್ಟಿ 1916ರ ಬಸ್ರಾ ಕಂಡಿರಲಾರದು.

ಹೇಳುವುದೋ ಬಿಡುವುದೋ? "ಮಕ್ಕಳ ಪ್ರದರ್ಶನ, ಇರಲಿ ಬಿಡಿ" ಎಂದರು ನಮ್ಮಲ್ಲೊಬ್ಬರು. ಆದರೆ ಅದೇ ವಾರ ಅದೇ ಮಕ್ಕಳಿಗೆ ಇತಿಹಾಸದ ಆಧಾರಗಳು ಪಾಠ ಮಾಡಿದ್ದೆವು. ಸಂಜೆ ಹುಡುಗನ ಮನೆಗೆ ಹೋದೆವು.

ಎಂಬತ್ತೈದು ದಾಟಿದ ಅಜ್ಜ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಮಾತಾಡಲಿಲ್ಲ. ನಮಗೆ ಬಂದದ್ದೇ ತಪ್ಪಾಯಿತೇನೋ ಅನ್ನಿಸಿತು. ಆಮೇಲೆ ಬೆರಳು ತೂತುಗಳ ಮೇಲೆ ನಿಂತಿತು.

"ಅಪ್ಪ ಬಸ್ರಾಕ್ಕೆ ಹೋದದ್ದು ಹೌದು ಮಾಷ್ಟ್ರೇ. ಆದರೆ ಈ ತೂತು ಹಾಕಿದ್ದು ನನಗೆ. ನಾನು ಒಂದನೇ ಕ್ಲಾಸಿಗೆ ಸೇರುವಾಗ ಮಂಗಳೂರಿನಿಂದ ಮಿಲಿಟರಿ ಮಾಲು ಅಂತ ತಂದು ಚೀಲಕ್ಕೆ ಹೊಲಿಸಿ ಕೊಟ್ಟದ್ದು. ಉದ್ದ ಆದೀತು ಅಂತ ಐದು ತೂತು. ಮರೆತೇ ಹೋಗಿತ್ತು."

ಯುದ್ಧದ ನಂತರ ಸೈನ್ಯದ ಹೆಚ್ಚುವರಿ ಸಾಮಾನನ್ನು ಸರ್ಕಾರ ಮಾರಿದ್ದುಂಟು. ಅಜ್ಜ ಓದಿದ್ದು ನಮ್ಮ ಶಾಲೆಯಲ್ಲೇ, ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೂ ಮೊದಲು.

ಹುಡುಗನಿಗೆ ಮಾತ್ರ ಬೇಸರ. ಯುದ್ಧ ಹೋಗಿ ಶಾಲೆಯ ಚೀಲ ಬಂತಲ್ಲ! ಹೊಸ ಚೀಟಿಯನ್ನು ನಾವೇ ಬರೆಯಬೇಕಾಯಿತು. ಪ್ರದರ್ಶನದ ದಿನ ಅಜ್ಜ ಬಂದು, ಅದನ್ನೋದಿ, ತೂತು ಎಷ್ಟೆಂದು ಬರೆದಿಲ್ಲವಲ್ಲ ಎಂದರು. ಸೇರಿಸಿದೆವು.