ಬೋಟಿನ ಎಣ್ಣಿ, ಕೊಡದ ನೀರು

ಅಕ್ಕಾರ, ರಬಕವಿ-ಬನಹಟ್ಟಿಯಾಗ ಮಗ್ಗದ ಸಪ್ಪಳ ನಮ್ಮ ಕಿವಿಗೆ ರೂಢಿ ಆಗೈತಿ. ಅದು ಹೊಟ್ಟಿಪಾಡಿನ ಸಪ್ಪಳ. ಆದ್ರ ರಜಾದಾಗ ಹುಡುಗರನ್ನ ಕರಕೊಂಡು ಬೋಟ್ ಹತ್ತಿದ್ರ ಅಲ್ಲೂ ಎಂಜಿನ್ ಗದ್ದಲ, ಮ್ಯಾಲ ಎಣ್ಣಿ ವಾಸನಿ!

ಸೋರಿದ ಎಣ್ಣಿ ನೀರಿನ ಮ್ಯಾಲ ಪದರಾಗಿ ತೇಲತೈತಿ. ಕೃಷ್ಣಾ ಹೊಳಿ ನೀರ ನಮ್ಮ ಕೊಡಕ್ಕ ಬರೋದು, ಮರೀಬ್ಯಾಡ್ರಿ.

ಕೇರಳದ ವೈಕಂನಾಗ 2017ರಿಂದ ‘ಆದಿತ್ಯ’ ಅನ್ನೋ ಬೋಟು ಬಿಸಲಿನ ಕರೆಂಟಿನ ಮ್ಯಾಲ 75 ಮಂದೀನ ದಾಟಸ್ತೈತಿ. ಬಿಸಲಿಗೇನು ನಮ್ಮ ಕಡೆ ಬರ ಐತೇನ್ರಿ? ಬ್ಯಾಟರಿ ಭಾಳ ದೂರ ಬರಂಗಿಲ್ಲ ಅಂತಾರ. ಅರ್ಧ ತಾಸು ಸುತ್ತಾಕ ಎಷ್ಟ ದೂರ ಬೇಕು? ದಂಡಿಗೆ ಬಂದು ಚಾರ್ಜಿಗೆ ಹಚ್ಚಿದ್ರಾತು.

ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಬೋಟು ಬರೋದಿದ್ರ ಬ್ಯಾಟರೀದ ಬರ್ಲಿ. ಹೆಣ್ಮಕ್ಕಳು ನಾವ ಮೊದಲ ಕೇಳೂಣು. ಕೊಡ ತುಂಬೋರು ನಾವ.