ಬೆಳೆಸಿದ ವಜ್ರವೂ ವಜ್ರವೇ



ಪುಣೆಯಲ್ಲೇ ಹುಟ್ಟಿ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಮಾತ್ರ ಕನ್ನಡ ಕೇಳುತ್ತ ಬೆಳೆದವರು ನೀವು. ವಜ್ರ ಎಂದೊಡನೆ ನಿಮಗೆ ಕರ್ವೆ ರಸ್ತೆಯ ಒಡವೆ ಅಂಗಡಿಗಳು ನೆನಪಾಗಬಹುದು. ನಾನಿಂದು ಹೇಳಹೊರಟಿರುವುದು ಒಡವೆಯಾಗದ ವಜ್ರದ ಕಥೆ. ಇಂಗ್ಲಿಷ್ ಬಿ.ಎ. ಓದಿ ಸೌಟು ಹಿಡಿದವಳಿಗೆ ಇದೆಲ್ಲ ಹೇಗೆ ಗೊತ್ತು ಎನ್ನುವಿರಾ? ಭೌತಶಾಸ್ತ್ರ ಓದುತ್ತಿರುವ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಪಾಠ ಹೇಳುತ್ತಾಳೆ.

ಕಳೆದ ವರ್ಷ ಕೋಥರೂಡದಲ್ಲೇ ನಡೆದ ಮದುವೆಯೊಂದರಲ್ಲಿ ಹುಡುಗಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಉಂಗುರ ಹಾಕಿದರು. "ನಕಲಿ ಹರಳು" ಎಂದು ಹಿರಿಯರೊಬ್ಬರು ಮೂಗು ಮುರಿದರು. ಊಟದ ಪಂಕ್ತಿಯಲ್ಲಿ ಪಕ್ಕದ ಹುಡುಗನ ಕನ್ನಡ ಕೇಳಿ, "ನಿಮ್ಮದೂ ಡೂಪ್ಲಿಕೇಟ್ ಕನ್ನಡ ಕಣಪ್ಪ" ಎಂದು ನಕ್ಕರು. ಹುಡುಗ ಆಮೇಲೆ ಮರಾಠಿಯಲ್ಲೇ ಮಾತಾಡಿದ. ನನಗೆ ಊಟ ಸೇರಲಿಲ್ಲ.

ನಕಲಿ ಎಂದರೇನು? ವಜ್ರದಂತೆ ಹೊಳೆಯುವ ಗಾಜು ನಕಲಿ. ಬೆಳೆಸಿದ ವಜ್ರ ಹಾಗಲ್ಲ. ಗೋಬರ್ ಗ್ಯಾಸಿನಲ್ಲಿರುವ ಮೀಥೇನನ್ನೇ ಜಲಜನಕದೊಂದಿಗೆ ಬೆರೆಸಿ ಮೈಕ್ರೋವೇವ್ ಶಕ್ತಿಯಿಂದ ಕಾಯಿಸುತ್ತಾರೆ. ಬೀಜವಾಗಿ ಇಟ್ಟ ತೆಳು ವಜ್ರದ ಬಿಲ್ಲೆಯ ಮೇಲೆ ಇಂಗಾಲದ ಪರಮಾಣುಗಳು ಪದರ ಪದರವಾಗಿ ಕೂರುತ್ತವೆ. ಹಾಲಿಗೆ ಹೆಪ್ಪು ಹಾಕಿದಂತೆ ಎನ್ನಿ. ಆದರೆ ಬೆಳೆಯುವುದು ಗಂಟೆಗೆ ಕೆಲವೇ ಮೈಕ್ರಾನ್. ಭೂಗರ್ಭದ ವಜ್ರಕ್ಕೂ ಇದಕ್ಕೂ ಇಂಗಾಲ ಒಂದೇ, ಪರಮಾಣುಗಳ ಜೋಡಣೆಯೂ ಒಂದೇ.

ಇನ್ನು ಇದಕ್ಕೆ ಸಿಕ್ಕ ಕೆಲಸ ನೋಡಿ. ವಿದ್ಯುತ್ ಕಣಗಳನ್ನು ಅಪಾರ ವೇಗದಲ್ಲಿ ಓಡಿಸುವ ಯಂತ್ರಗಳಿಗೆ ಕಣ ವೇಗವರ್ಧಕ ಎನ್ನುತ್ತಾರೆ. ನಮ್ಮ ಮಂಗಳೂರು ವಿಶ್ವವಿದ್ಯಾಲಯದಲ್ಲೂ ಮೈಕ್ರೋಟ್ರಾನ್ ಎಂಬ ಚಿಕ್ಕದೊಂದು ಸ್ಥಾಪನೆಯಾಯಿತು. ಜಪಾನಿನ ತ್ಸುಕುಬಾದಲ್ಲಿರುವ ಸೂಪರ್‌ಕೆಇಕೆಬಿ ಎಂಬುದು ಬಲು ದೊಡ್ಡದು. ಅದರ ಸುತ್ತಳತೆ 3 ಕಿಲೋಮೀಟರ್. ಕಣಗಳು ಸೆಕೆಂಡಿಗೆ ಸುಮಾರು 1 ಲಕ್ಷ ಸುತ್ತು ಹಾಕುತ್ತವೆ. ಅವು ಡಿಕ್ಕಿ ಹೊಡೆಯುವಲ್ಲಿ ಬೆಲ್-2 ಎಂಬ ಪ್ರಯೋಗವಿದೆ. ಅದರ ನಡುವಿನ ನಾಜೂಕಾದ ಸಿಲಿಕಾನ್ ಉಪಕರಣದ ಒಂದು ಪದರವನ್ನು ಕಟ್ಟಿದವರು ನಮ್ಮ ನೆರೆಯ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು. ಕಣಗಳ ಧಾರೆ ದಾರಿ ತಪ್ಪಿದರೆ ಇಂಥ ಉಪಕರಣಕ್ಕೆ ಪೆಟ್ಟು ಬೀಳುತ್ತದೆ.

ಅದಕ್ಕೆಂದೇ ಅಲ್ಲಿ ಬೆಳೆಸಿದ ವಜ್ರದ 28 ಸೆನ್ಸರ್‌ಗಳನ್ನು ಕಾವಲಿಗಿಟ್ಟರು. ಒಂದೊಂದೂ ಕಡಲೆಬೇಳೆಯಷ್ಟು ಅಗಲ, ದಪ್ಪ ಬರೀ ಅರ್ಧ ಮಿಲಿಮೀಟರ್. ಎರಡೂ ಮುಖಕ್ಕೆ ಲೋಹ ಲೇಪಿಸಿ ವಿದ್ಯುತ್ ಒತ್ತಡ ಕೊಟ್ಟಿರುತ್ತಾರೆ. ದಾರಿ ತಪ್ಪಿದ ಕಣ ಹಾದುಹೋದಾಗ ವಜ್ರದೊಳಗೆ ಇಲೆಕ್ಟ್ರಾನುಗಳು ಬಿಡುಗಡೆಯಾಗಿ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತದೆ. ಅದು ಮಿತಿ ಮೀರಿದರೆ ಕಣ್ಣು ಮಿಟುಕಿಸುವುದರೊಳಗೆ ಧಾರೆಯನ್ನೇ ಹೊರಗೆ ತಿರುಗಿಸಿಬಿಡುತ್ತಾರೆ. ಜಿನೀವಾದ ಬಳಿಯ ಸರ್ನ್ ಸಂಸ್ಥೆಯ 27 ಕಿಲೋಮೀಟರ್ ಯಂತ್ರದಲ್ಲೂ ವಜ್ರಗಳಿಗೆ ಇಂಥದೇ ಕೆಲಸ ಸಿಕ್ಕಿದೆ.

ಗಣಿಯ ವಜ್ರವೇ ಏಕಾಗಬಾರದು? ನೆಲದೊಳಗೆ ಬೆಳೆಯುವಾಗ ಸಾರಜನಕದಂಥ ಕಲ್ಮಶಗಳು ಸೇರಿ, ಹರಿಯಬೇಕಾದ ವಿದ್ಯುತ್ತನ್ನು ನಡುದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಒಂದರಂತೆ ಇನ್ನೊಂದಿರುವುದಿಲ್ಲ. ಬೆಳೆಸಿದ್ದನ್ನು ಬೇಕಾದಷ್ಟು ಶುದ್ಧವಾಗಿ, ಒಂದೇ ಸಮನಾಗಿ ಪಡೆಯಬಹುದು. ವಿಕಿರಣದ ಹೊಡೆತವನ್ನೂ ಅದು ಸಿಲಿಕಾನ್‌ಗಿಂತ ಚೆನ್ನಾಗಿ ತಾಳುತ್ತದೆ. ಆ ಕೆಲಸದಲ್ಲಿ ಯಾರೂ ಅದರ ಹುಟ್ಟೂರು ಕೇಳುವುದಿಲ್ಲ. ಎಚ್ಚರಿಸಬೇಕಾದಾಗ ಎಚ್ಚರಿಸಿತೇ ಎಂದಷ್ಟೇ ನೋಡುತ್ತಾರೆ.

ಮಕ್ಕಳೇ, ಧಾರವಾಡದಲ್ಲೋ ಮೈಸೂರಿನಲ್ಲೋ ಹುಟ್ಟದೆ ಇಲ್ಲಿ ಬೆಳೆದದ್ದಕ್ಕೆ ನಿಮ್ಮ ಕನ್ನಡ ಡೂಪ್ಲಿಕೇಟ್ ಆಗುವುದಿಲ್ಲ. ಆದರೆ ಬೀಜವಿಟ್ಟ ಮಾತ್ರಕ್ಕೆ ವಜ್ರವಾಗದು. ಪದರದ ಮೇಲೆ ಪದರ ಕೂರಬೇಕು. ಬೀಜವಿಡುವುದು ನಮ್ಮ ಪಾಲು, ಬೆಳೆಸುವುದು ನಿಮ್ಮ ಪಾಲು. ಅಜ್ಜಿಗೆ ಫೋನ್ ಮಾಡಿದಾಗ ಕನ್ನಡದಲ್ಲೇ ಮಾತಾಡಿ. ಮರಾಠಿ ಪದ ನುಸುಳಿದರೆ ನುಸುಳಲಿ. ಯಾರಾದರೂ ನಕ್ಕರೂ ಮಾತು ನಿಲ್ಲಿಸಬೇಡಿ.